ನೀಲಿ ಬೆಳೆಯ ಲೆಕ್ಕ ಕೇಳಿದ ಸಂಪಾದಕ ಹರೀಶ್ ಚಂದ್ರ ಮುಖರ್ಜಿ

1860ರಲ್ಲಿ ಕಲ್ಕತ್ತಾದ ಭವಾನಿಪುರದ ಒಂದು ಮನೆಗೆ ದಿನಾ ರೈತರು ಬರುತ್ತಿದ್ದರು. ನದಿಯಾ, ಜೆಸ್ಸೋರ್ ಕಡೆಯ ಹಳ್ಳಿಯವರು. ಕಲ್ಕತ್ತಾದಿಂದ ಆ ಕಡೆಗೆ ರೈಲು ಶುರುವಾಗಿದ್ದು 1862ರಲ್ಲಿ. ಹಾಗಾಗಿ ಇವರೆಲ್ಲ ನಡೆದೋ ದೋಣಿ ಹತ್ತಿಯೋ ಬಂದವರು. ಮನೆಯ ಯಜಮಾನ ದೊಡ್ಡ ಜಮೀನ್ದಾರನಲ್ಲ, ವಕೀಲನೂ ಅಲ್ಲ. ಹಗಲು ಸರ್ಕಾರಿ ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ನೌಕರ, ಉಳಿದ ಹೊತ್ತಿನಲ್ಲಿ ಒಂದು ಇಂಗ್ಲಿಷ್ ವಾರಪತ್ರಿಕೆಯ ಸಂಪಾದಕ. ಹೆಸರು ಹರೀಶ್ ಚಂದ್ರ ಮುಖರ್ಜಿ. ಪತ್ರಿಕೆಯ ಹೆಸರು ಹಿಂದೂ ಪೇಟ್ರಿಯಟ್.

ಬಂದ ರೈತರಲ್ಲಿ ಇಂಗ್ಲಿಷ್ ಓದಬಲ್ಲವರು ಯಾರೂ ಇದ್ದಿರಲಾರರು. ಬಂಗಾಳಿ ಅಕ್ಷರ ಬರುತ್ತಿದ್ದವರೂ ಕಡಿಮೆಯೇ. ತಾವು ಓದಲಾಗದ ಪತ್ರಿಕೆಯ ಸಂಪಾದಕನನ್ನು ಹುಡುಕಿಕೊಂಡು ಅವರು ಅಷ್ಟು ದೂರ ಯಾಕೆ ಬಂದರು? ಆ ಕಾಲದಲ್ಲಿ ಪತ್ರಿಕೆ ಅಂದರೆ ಏನು, ಸಂಪಾದಕ ಅಂದರೆ ಯಾರು ಅನ್ನುವುದು ಗೊತ್ತಾಗಬೇಕಾದರೆ ಈ ಪ್ರಶ್ನೆಗೆ ಉತ್ತರ ಹುಡುಕಬೇಕು. ಅದಕ್ಕೆ ಮೊದಲು ನೀಲಿ ಬೆಳೆಯ ವ್ಯವಹಾರ ತಿಳಿದುಕೊಳ್ಳೋಣ. ಚಂಪಾರಣ್, ಗಾಂಧಿ, ನೀಲಿ ಬೆಳೆಗಾರರು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವಲ್ವಾ? ಅದು 1917ರ ಮಾತು. ಅದಕ್ಕೂ ಐವತ್ತೇಳು ವರ್ಷ ಮುಂಚೆ ಬಂಗಾಳದಲ್ಲಿ ಇದೇ ಬೆಳೆಯ ಮೇಲೆ ಇನ್ನೂ ದೊಡ್ಡ ಜಗಳ ನಡೆದಿತ್ತು.

ನೀಲಿ ಗಿಡದಿಂದ ಬಟ್ಟೆಗೆ ಹಾಕುವ ಬಣ್ಣ ಬರುತ್ತದೆ. ಗಿಡ ಕತ್ತರಿಸಿ ಕಾರ್ಖಾನೆಯ ದೊಡ್ಡ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಕೊಳೆತ ಮೇಲೆ ನೀರನ್ನು ಇನ್ನೊಂದು ತೊಟ್ಟಿಗೆ ಬಿಟ್ಟು, ಕೂಲಿಯವರು ಸೊಂಟದವರೆಗೆ ಅದರಲ್ಲಿ ಇಳಿದು ಕೋಲಿನಿಂದ ಬಡಿಯುತ್ತಾರೆ. ಗಾಳಿ ತಾಗಿ ನೀರು ನೀಲಿಯಾಗುತ್ತದೆ, ತಳದಲ್ಲಿ ಗಸಿ ಕೂರುತ್ತದೆ. ಆ ಗಸಿಯನ್ನು ಕುದಿಸಿ, ಸೋಸಿ, ಒತ್ತಿ, ಬಿಲ್ಲೆಗಳಾಗಿ ಕತ್ತರಿಸಿ ಒಣಗಿಸಿದರೆ ಮಾಲು ತಯಾರು. ಪೆಟ್ಟಿಗೆಗೆ ತುಂಬಿ ಇಂಗ್ಲೆಂಡಿಗೆ ಸಾಗಿಸುತ್ತಿದ್ದರು. ಕಾರ್ಖಾನೆ ನಡೆಸುತ್ತಿದ್ದ ಯುರೋಪಿಯನ್ನರಿಗೆ ಪ್ಲಾಂಟರ್ ಅಂತ ಹೆಸರು.

ಪ್ಲಾಂಟರ್ ತನ್ನ ಸ್ವಂತ ಜಮೀನಿನಲ್ಲಿ ಬೆಳೆಸುತ್ತಿದ್ದದ್ದು ಸ್ವಲ್ಪ. ಜಾಸ್ತಿ ಬೆಳೆ ಬರುತ್ತಿದ್ದದ್ದು ರೈತರ ಹೊಲದಿಂದ. ಅದಕ್ಕೆ ಆತ ಮುಂಗಡ ಕೊಡುತ್ತಿದ್ದ. ಬಿಘಾಕ್ಕೆ ಸಾಮಾನ್ಯವಾಗಿ 2 ರೂಪಾಯಿ. ಬಂಗಾಳದ ಬಿಘಾ ಅಂದರೆ ಎಕರೆಯ ಮೂರನೇ ಒಂದು ಭಾಗ, ನಮ್ಮ ಲೆಕ್ಕದಲ್ಲಿ ಸುಮಾರು 13 ಗುಂಟೆ. ಈ ಮುಂಗಡಕ್ಕೆ ಅಲ್ಲಿ ದಾದನ್ ಅನ್ನುತ್ತಿದ್ದರು. ಹಣ ತೆಗೆದುಕೊಂಡ ರೈತ ಛಾಪಾ ಕಾಗದಕ್ಕೆ ತನ್ನ ಗುರುತು ಹಾಕುತ್ತಿದ್ದ. ಎಷ್ಟೋ ಸಲ ಆ ಕಾಗದ ಖಾಲಿಯೇ ಇರುತ್ತಿತ್ತು. ಬರೆಯುವುದು ಆಮೇಲೆ.

ಇಲ್ಲಿಂದ ಮುಂದಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿ. ಕೈಗೆ ಬಂದ 2 ರೂಪಾಯಿಯಲ್ಲಿ ಛಾಪಾ ಕಾಗದದ ಖರ್ಚು ರೈತನದ್ದು. ಬೀಜದ ಹಣ ಅವನ ಖಾತೆಗೆ. ಗಿಡ ಕಾರ್ಖಾನೆಗೆ ಸಾಗಿಸುವ ಗಾಡಿ ಬಾಡಿಗೆಯೂ ಅವನ ಖಾತೆಗೆ. ಕಾರ್ಖಾನೆಯ ಆಳುಗಳಿಗೆ ಮಾಮೂಲು ಬೇರೆ. ಹೊಲ ಅಳೆಯುವವರು ಕಾರ್ಖಾನೆಯವರು, ಅವರ ಬಿಘಾ ಊರಿನ ಬಿಘಾಕ್ಕಿಂತ ದೊಡ್ಡದು. ಗಿಡವನ್ನು ಕಟ್ಟುಗಳ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಕಟ್ಟು ಎಷ್ಟು ದಪ್ಪ ಇರಬೇಕು ಅಂತ ಹೇಳುವವರೂ ಅವರೇ. ವರ್ಷದ ಕೊನೆಗೆ ಖಾತೆ ತೆಗೆದು ನೋಡಿದರೆ ರೈತನ ಹೆಸರಿಗೆ ಬಾಕಿ ಉಳಿದಿರುತ್ತಿತ್ತು. ಬಾಕಿ ತೀರದೆ ಬಿಡುಗಡೆ ಇಲ್ಲ. ಅಪ್ಪ ಸತ್ತರೆ ಬಾಕಿ ಮಗನ ತಲೆಗೆ.

ಇನ್ನೂ ಒಂದು ವಿಷಯ ಇದೆ. ನೀಲಿಗೆ ಬೇಕಾಗುತ್ತಿದ್ದದ್ದು ಭತ್ತ ಬೆಳೆಯುವ ಒಳ್ಳೆ ಹೊಲವೇ. ಬಿತ್ತನೆಯ ಹೊತ್ತೂ ಭತ್ತದ ಕೆಲಸದ ಹೊತ್ತೂ ಒಂದೇ. 1850ರ ದಶಕದಲ್ಲಿ ಅಕ್ಕಿಯ ಬೆಲೆ ಏರುತ್ತಾ ಹೋಯಿತು. ಕೂಲಿ ಏರಿತು, ಎತ್ತಿನ ಬೆಲೆ ಏರಿತು. ನೀಲಿಗೆ ಕೊಡುವ ಬೆಲೆ ಮಾತ್ರ ಬಹುಮಟ್ಟಿಗೆ ಇದ್ದಲ್ಲೇ ಇತ್ತು. ಭತ್ತ ಹಾಕಿದರೆ ಮನೆಗೆ ಊಟ, ಮಿಕ್ಕಿದ್ದಕ್ಕೆ ಹಣ. ನೀಲಿ ಹಾಕಿದರೆ ಸಾಲ. ಯಾವ ರೈತ ತಾನೇ ಖುಷಿಯಿಂದ ನೀಲಿ ಬಿತ್ತುತ್ತಾನೆ?

ಬಿತ್ತದಿದ್ದರೆ ಕಾರ್ಖಾನೆಯ ಲಾಠಿಯಾಳುಗಳು ಬರುತ್ತಿದ್ದರು. ದನ ಹೊಡೆದುಕೊಂಡು ಹೋಗುವುದು, ಮನೆ ಕೆಡವುವುದು, ರೈತನನ್ನು ಹಿಡಿದು ಕಾರ್ಖಾನೆಯ ಗೋದಾಮಿನಲ್ಲಿ ಕೂಡಿಹಾಕುವುದು. ಕೋರ್ಟಿಗೆ ಹೋಗೋಣ ಅಂದರೆ ಅಲ್ಲೊಂದು ದೊಡ್ಡ ಗೋಡೆ. ಜಿಲ್ಲೆಯ ಮ್ಯಾಜಿಸ್ಟ್ರೇಟ್‌ಗೆ ಯುರೋಪಿಯನ್ನನ ಮೇಲೆ ಗಂಭೀರ ಅಪರಾಧದ ವಿಚಾರಣೆ ನಡೆಸುವ ಅಧಿಕಾರ ಇರಲಿಲ್ಲ. ಅದಕ್ಕೆ ಕಲ್ಕತ್ತಾದ ಸುಪ್ರೀಂ ಕೋರ್ಟಿಗೇ ಹೋಗಬೇಕಿತ್ತು. ಜೆಸ್ಸೋರಿನ ಬಡ ರೈತ ಸಾಕ್ಷಿಗಳನ್ನು ಕಟ್ಟಿಕೊಂಡು ಕಲ್ಕತ್ತಾಗೆ ಬಂದು, ಇಂಗ್ಲಿಷ್ ವಕೀಲನಿಗೆ ಫೀಸು ಕೊಟ್ಟು ಕೇಸು ನಡೆಸಬೇಕು. ಆಗುವ ಮಾತಾ? ಸಾಲದ್ದಕ್ಕೆ 1857ರಲ್ಲಿ ಕೆಲವು ಪ್ಲಾಂಟರ್‌ಗಳಿಗೇ ಸರ್ಕಾರ ಸಹಾಯಕ ಮ್ಯಾಜಿಸ್ಟ್ರೇಟ್ ಪದವಿ ಕೊಟ್ಟಿತು. ಯಾರ ಮೇಲೆ ದೂರು ಹೇಳಬೇಕಿತ್ತೋ ಅವನೇ ನ್ಯಾಯದ ಕುರ್ಚಿಯಲ್ಲಿ ಕೂತ.

ಹಾಗಾಗಿ ಹಳ್ಳಿಯ ದೂರು ಹಳ್ಳಿಯಲ್ಲೇ ಸಾಯುತ್ತಿತ್ತು. ಕಾನೂನು ಮಾಡುವವರು ಕಲ್ಕತ್ತಾದಲ್ಲಿ, ಅವರ ಮೇಲಿನವರು ಲಂಡನ್ನಿನಲ್ಲಿ. ಅಲ್ಲಿಗೆ ತಲುಪುತ್ತಿದ್ದದ್ದು ಇಂಗ್ಲಿಷಿನಲ್ಲಿ ಅಚ್ಚಾದ ಮಾತು ಮಾತ್ರ. ಕಲ್ಕತ್ತಾದಲ್ಲಿ ಯುರೋಪಿಯನ್ನರು ನಡೆಸುತ್ತಿದ್ದ ಇಂಗ್ಲಿಷ್ ಪತ್ರಿಕೆಗಳೇನೋ ಇದ್ದವು. ಅವುಗಳಲ್ಲಿ ಇಂಗ್ಲಿಷ್‌ಮನ್, ಬೆಂಗಾಲ್ ಹರ್ಕಾರು ಪ್ಲಾಂಟರ್‌ಗಳ ಪರ ನಿಂತಿದ್ದವು. ರೈತನ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡಲು ಒಬ್ಬರು ಬೇಕಿತ್ತು. ಆ ಕೆಲಸಕ್ಕೆ ಹರೀಶ್ ಚಂದ್ರ ಸಿಕ್ಕಿದ್ದು ಹೇಗೆ ಅಂತ ನೋಡಬೇಕು.

ಹುಟ್ಟಿದ್ದು 1824ರಲ್ಲಿ, ಭವಾನಿಪುರದಲ್ಲಿ. ಕುಲೀನ ಬ್ರಾಹ್ಮಣರ ಮನೆ. ಬಂಗಾಳದ ಕುಲೀನರಲ್ಲಿ ಗಂಡಸರು ಹಲವು ಮದುವೆ ಆಗುವ ಪದ್ಧತಿ ಇತ್ತು. ಹೆಂಡತಿ ಮಕ್ಕಳು ಹೆಂಡತಿಯ ತವರಿನಲ್ಲೇ ಉಳಿಯುತ್ತಿದ್ದರು. ಹರೀಶ್ ಬೆಳೆದದ್ದೂ ಹಾಗೆಯೇ, ಸೋದರಮಾವನ ಮನೆಯಲ್ಲಿ, ಕಡು ಬಡತನದಲ್ಲಿ. ಊರಿನ ಯೂನಿಯನ್ ಸ್ಕೂಲಿನಲ್ಲಿ ಒಂದಷ್ಟು ವರ್ಷ ಓದಿದರು. ಮೀಸೆ ಮೂಡುವ ಮುಂಚೆಯೇ ಶಾಲೆ ಬಿಟ್ಟು ಕೆಲಸ ಹುಡುಕಬೇಕಾಯಿತು.

ಅವರ ಜೀವನಚರಿತ್ರೆ ಬರೆದವರು ಒಂದು ಪ್ರಸಂಗ ಹೇಳುತ್ತಾರೆ. ಮನೆಯಲ್ಲಿ ಅಕ್ಕಿ ಇರಲಿಲ್ಲ. ಇದ್ದ ಒಂದು ಹಿತ್ತಾಳೆ ತಟ್ಟೆಯನ್ನು ಅಡವಿಟ್ಟು ಅಕ್ಕಿ ತರೋಣ ಅಂದರೆ ಹೊರಗೆ ಜೋರು ಮಳೆ. ಅಷ್ಟರಲ್ಲಿ ಯಾವನೋ ಜಮೀನ್ದಾರನ ಮುಖ್ತಾರ, ಅಂದರೆ ಕೋರ್ಟು ಕಚೇರಿಯ ಕೆಲಸ ನೋಡಿಕೊಳ್ಳುವವನು, ಒಂದು ದಸ್ತಾವೇಜು ಹಿಡಿದುಕೊಂಡು ಬಂದ. ಅದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿಕೊಡಬೇಕಿತ್ತು. ಹುಡುಗ ಮಾಡಿಕೊಟ್ಟ, 2 ರೂಪಾಯಿ ಸಿಕ್ಕಿತು, ಮನೆಗೆ ಅಕ್ಕಿ ಬಂತು. ದಸ್ತಾವೇಜು ಓದುವ, ಅರ್ಜಿ ಬರೆಯುವ ಈ ವಿದ್ಯೆಯೇ ಮುಂದೆ ಸಾವಿರಾರು ರೈತರ ಕೆಲಸಕ್ಕೆ ಬಂದದ್ದು.

ಮೊದಲ ಖಾಯಂ ಕೆಲಸ ಟುಲ್ಲೋ ಅನ್ನುವ ಹರಾಜು ಕಂಪನಿಯಲ್ಲಿ, ತಿಂಗಳಿಗೆ 10 ರೂಪಾಯಿ ಸಂಬಳ. 1848ರಲ್ಲಿ ಪರೀಕ್ಷೆ ಬರೆದು ಮಿಲಿಟರಿ ಆಡಿಟರ್ ಜನರಲ್ ಕಚೇರಿ ಸೇರಿದರು. ಅಲ್ಲಿ ಶುರುವಿಗೆ 25 ರೂಪಾಯಿ. ಸಂಬಳ ಏರುತ್ತಾ ಏರುತ್ತಾ ಕೊನೆಗೆ 400 ರೂಪಾಯಿ ಮುಟ್ಟಿತು. ಶಾಲೆ ಪೂರ್ತಿ ಮಾಡದ ಬಂಗಾಳಿ ಹುಡುಗನಿಗೆ ಆ ಕಾಲದಲ್ಲಿ ಇದು ಬಹಳ ದೊಡ್ಡ ಮೊತ್ತ. ಬಿಡುವಿನಲ್ಲಿ ಕಲ್ಕತ್ತಾ ಪಬ್ಲಿಕ್ ಲೈಬ್ರರಿಯಲ್ಲಿ ಕೂತು ಇತಿಹಾಸ, ಕಾನೂನು, ರಾಜಕೀಯ ಓದಿದರು. ಕಾಲೇಜಿನಲ್ಲಿ ಸಿಗದೆ ಹೋದದ್ದನ್ನು ಹಾಗೆ ಪಡೆದುಕೊಂಡರು.

ಹಿಂದೂ ಪೇಟ್ರಿಯಟ್ ಶುರುವಾದದ್ದು 1853ರ ಜನವರಿಯಲ್ಲಿ. ಬಂಡವಾಳ ಹಾಕಿದ್ದು ಬಡಾಬಜಾರಿನ ಮಧುಸೂದನ ರಾಯ್. ಮೊದಮೊದಲು ಬರೆಯುತ್ತಿದ್ದವರು ಗಿರೀಶ್ ಚಂದ್ರ ಘೋಷ್ ಮತ್ತು ಅವರ ಅಣ್ಣತಮ್ಮಂದಿರು. ಹರೀಶ್ ಬೇಗನೆ ಜೊತೆ ಸೇರಿದರು, ಸಂಪಾದಕರೂ ಆದರು. ಪತ್ರಿಕೆಯಿಂದ ಲಾಭ ಬರಲಿಲ್ಲ. ಮಾಲೀಕರಿಗೆ ಸಾಕಾಯಿತು. 1855ರಲ್ಲಿ ಹರೀಶ್ ತಾವೇ ಅದನ್ನು ಕೊಂಡುಕೊಂಡರು. ಸರ್ಕಾರಿ ನೌಕರ ಪತ್ರಿಕೆಯ ಮಾಲೀಕ ಅಂತ ಕಾಣಿಸಿಕೊಳ್ಳುವುದು ಕಷ್ಟ, ಹಾಗಾಗಿ ಕಾಗದದ ಮೇಲೆ ಅಣ್ಣ ಹಾರಾನ್ ಚಂದ್ರನ ಹೆಸರು. ಹಣ, ಬರಹ, ಓಡಾಟ ಎಲ್ಲ ತಮ್ಮನದ್ದೇ.

ಆಗಿನ ವಾರಪತ್ರಿಕೆಯನ್ನು ಇವತ್ತಿನ ಪತ್ರಿಕೆಯ ಲೆಕ್ಕದಲ್ಲಿ ನೋಡಬಾರದು. ದೊಡ್ಡ ಸಿಬ್ಬಂದಿ ಇಲ್ಲ. ಪ್ರಸಾರ ತೀರ ಸಣ್ಣದು. ಒಂದೊಂದೇ ಅಚ್ಚುಮೊಳೆ ಜೋಡಿಸಿ, ಕೈಪ್ರೆಸ್ಸಿನಲ್ಲಿ ಹಾಳೆ ಹಾಳೆಯಾಗಿ ಒತ್ತಬೇಕು. ಚಂದಾದಾರರು ಸರಿಯಾಗಿ ಹಣ ಕಟ್ಟುವುದಿಲ್ಲ. ಸಂಪಾದಕನೇ ಸಂಪಾದಕೀಯ ಬರೆಯಬೇಕು, ಪತ್ರ ತಿದ್ದಬೇಕು, ಕರಡು ನೋಡಬೇಕು. ಕಡಿಮೆ ಬಿದ್ದ ಹಣಕ್ಕೆ ಹರೀಶ್ ತಮ್ಮ ಸಂಬಳ ಸುರಿದರು. ಆದರೆ ಯಾರು ಓದುತ್ತಾರೆ ಅನ್ನುವುದು ಎಷ್ಟು ಜನ ಓದುತ್ತಾರೆ ಅನ್ನುವುದಕ್ಕಿಂತ ಮುಖ್ಯವಾಗಿತ್ತು. ಗವರ್ನರ್ ಜನರಲ್‌ನ ಸುತ್ತಲಿನವರು ಓದುತ್ತಿದ್ದರು. ಎದುರಾಳಿ ಪತ್ರಿಕೆಗಳು ಬೈಯಲಿಕ್ಕಾದರೂ ಓದುತ್ತಿದ್ದವು. ಒಂದು ಪತ್ರಿಕೆಯ ಸಾಲನ್ನು ಇನ್ನೊಂದು ಎತ್ತಿ ಹಾಕುತ್ತಿತ್ತು. ಹಾಗೇ ಆ ಮಾತು ಲಂಡನ್ನಿನವರೆಗೂ ಹೋಗುತ್ತಿತ್ತು.

1857ರ ದಂಗೆಯ ಹೊತ್ತಿಗೆ ಹರೀಶರ ಪರಿಸ್ಥಿತಿ ಬಹಳ ಇಕ್ಕಟ್ಟಿನದು. ಸೈನ್ಯದ ಲೆಕ್ಕ ನೋಡುವ ಕಚೇರಿಯಲ್ಲೇ ನೌಕರಿ. ಆ ಜೂನ್‌ನಲ್ಲಿ ಸರ್ಕಾರ ಒಂದು ವರ್ಷದ ಮಟ್ಟಿಗೆ ಮುದ್ರಣಾಲಯಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಒಂದು ಮಾತು ಹೆಚ್ಚುಕಡಿಮೆ ಆದರೆ ಪ್ರೆಸ್ಸೂ ಹೋಗಬಹುದು, ಕೆಲಸವೂ ಹೋಗಬಹುದು. ಆದರೂ ಇದು ಬರೀ ಸಿಪಾಯಿಗಳ ಗಲಾಟೆ ಅಲ್ಲ, ಜನರ ಮನಸ್ಸಿನ ಮೇಲೆ ಸರ್ಕಾರಕ್ಕಿರುವ ಹಿಡಿತ ತೀರ ತೆಳು ಅನ್ನುವುದನ್ನು ಇದು ತೋರಿಸಿದೆ ಅಂತ ಬರೆದರು. ಯುರೋಪಿಯನ್ ಪತ್ರಿಕೆಗಳು ಸೇಡು ಸೇಡು ಅಂತ ಕೂಗುತ್ತಿದ್ದಾಗ, ಕಂಡಕಂಡವರನ್ನು ನೇಣು ಹಾಕಬೇಡಿ ಅಂದ ಗವರ್ನರ್ ಜನರಲ್ ಕ್ಯಾನಿಂಗ್ ಪರ ನಿಂತರು. ಅವರನ್ನು ಬ್ರಿಟಿಷರ ಆಳ್ವಿಕೆಯೇ ಬೇಡ ಅಂದ ಹೋರಾಟಗಾರ ಅಂತ ತೋರಿಸುವುದು ಸರಿಯಲ್ಲ. ಆಳ್ವಿಕೆ ಕಾನೂನಿನ ಪ್ರಕಾರ ನಡೆಯಲಿ, ಬಿಳಿಯನಿಗೊಂದು ಕರಿಯನಿಗೊಂದು ಕಾನೂನು ಬೇಡ ಅನ್ನುವುದು ಅವರ ಹಟ. ಕೇಳಲಿಕ್ಕೆ ಸಾಧಾರಣ ಮಾತು ಅನ್ನಿಸಬಹುದು. ಪ್ಲಾಂಟರ್‌ಗಳಿಗೆ ಆ ಹಟವೇ ನಿದ್ದೆ ಕೆಡಿಸಿತು.

1859ರ ಹೊತ್ತಿಗೆ ನೀಲಿ ಜಿಲ್ಲೆಗಳಲ್ಲಿ ರೈತರು ಬಿತ್ತಲ್ಲ ಅನ್ನತೊಡಗಿದರು. ಬಾರಾಸಾತ್‌ನ ಮ್ಯಾಜಿಸ್ಟ್ರೇಟ್ ಆಶ್ಲಿ ಈಡನ್, ತನ್ನ ಹೊಲದಲ್ಲಿ ಏನು ಬೆಳೆಯಬೇಕು ಅನ್ನುವುದು ರೈತನಿಗೆ ಬಿಟ್ಟ ವಿಷಯ ಅಂತ ಆದೇಶ ಬರೆದದ್ದು ಅವರಿಗೆ ಧೈರ್ಯ ತಂದಿತು. ನದಿಯಾದ ಚೌಗಾಚಾ ಹಳ್ಳಿಯಲ್ಲಿ ಬಿಷ್ಣುಚರಣ್ ಬಿಸ್ವಾಸ್, ದಿಗಂಬರ್ ಬಿಸ್ವಾಸ್ ಅನ್ನುವ ಇಬ್ಬರು ರೈತರನ್ನು ಒಟ್ಟುಗೂಡಿಸಿದರು. ಇಬ್ಬರೂ ಮೊದಲು ನೀಲಿ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದವರು. ಒಳಗಿನ ಲೆಕ್ಕ ಅವರಿಗೆ ಗೊತ್ತಿತ್ತು. ಹಳ್ಳಿಯಿಂದ ಹಳ್ಳಿಗೆ ಸುದ್ದಿ ಹಬ್ಬಿತು. ಲಾಠಿಯಾಳುಗಳು ಬಂದರೆ ಊರಿಗೆ ಊರೇ ಎದುರು ನಿಲ್ಲತೊಡಗಿತು.

ಪೇಟ್ರಿಯಟ್ ದಂಗೆ ಹುಟ್ಟಿಸಲಿಲ್ಲ. ಪ್ಲಾಂಟರ್‌ಗಳು ಮಾತ್ರ ಹಾಗೆಂದೇ ಆರೋಪ ಮಾಡಿದರು. ಕಲ್ಕತ್ತಾದ ಬಾಬುಗಳು ರೈತರ ಕಿವಿ ಊದುತ್ತಿದ್ದಾರೆ ಅಂತ. ರೈತರು ಹೊಟ್ಟೆಗಿಲ್ಲದೆ ಎದ್ದವರು, ಅದಕ್ಕೆ ಯಾರೂ ಕಿವಿ ಊದಬೇಕಿರಲಿಲ್ಲ. ಹರೀಶ್ ಮಾಡಿದ್ದು ಬೇರೆ ಕೆಲಸ. ಅದರಲ್ಲಿ ಮೂರು ಎಳೆಗಳು ಹೆಣೆದುಕೊಂಡಿದ್ದವು.

ಹಳ್ಳಿಯ ಸುದ್ದಿ ತರಿಸಿಕೊಳ್ಳುವುದು ಅದರಲ್ಲಿ ಮೊದಲನೆಯದು. ಇವತ್ತಿನ ಹಾಗೆ ಜಿಲ್ಲಾ ವರದಿಗಾರರು ಆಗ ಇರಲಿಲ್ಲ. ಹರೀಶ್ ಜಿಲ್ಲೆಗಳಲ್ಲಿದ್ದ ಓದಿದ ಹುಡುಗರಿಂದ ಪತ್ರ ಬರೆಸಿಕೊಂಡರು. ಜೆಸ್ಸೋರಿನಿಂದ ಬರೆಯುತ್ತಿದ್ದವನು ಶಿಶಿರ್ ಕುಮಾರ್ ಘೋಷ್, ಆಗ ಇಪ್ಪತ್ತು ವರ್ಷದ ಹುಡುಗ. ಹಳ್ಳಿ ಹಳ್ಳಿ ಸುತ್ತಿ, ಯಾರ ದನ ಯಾವ ಕಾರ್ಖಾನೆಯವರು ಹಿಡಿದರು, ಯಾರನ್ನು ಎಲ್ಲಿ ಕೂಡಿಹಾಕಿದ್ದಾರೆ ಅಂತ ಬರೆದು ಕಳಿಸುತ್ತಿದ್ದ. ನದಿಯಾ ಕಡೆಯಿಂದ ಮನಮೋಹನ್ ಘೋಷ್ ಬರೆಯುತ್ತಿದ್ದ, ಅವನು ಇನ್ನೂ ಚಿಕ್ಕವನು. ಮುಂದೆ ಅವನು ಹೆಸರಾಂತ ಬ್ಯಾರಿಸ್ಟರ್ ಆದ. ಹೆಸರು, ಊರು, ಕಾರ್ಖಾನೆ ಎಲ್ಲ ಇರುವ ಸುದ್ದಿಯನ್ನು ಸುಳ್ಳು ಅಂತ ತಳ್ಳಿಹಾಕುವುದು ಕಷ್ಟ. ಬಂಗಾಳದಲ್ಲಿ ಹಳ್ಳಿ ಪತ್ರಿಕೋದ್ಯಮ ಬೇರು ಬಿಟ್ಟದ್ದು ಇಲ್ಲೇ ಅಂತ ನನಗನ್ನಿಸುತ್ತದೆ.

ಇನ್ನೊಂದು, ಆ ಸುದ್ದಿಯನ್ನು ಲೆಕ್ಕವಾಗಿ ಮುಂದಿಡುವುದು. ಅಯ್ಯೋ ಪಾಪ ಅಂತ ಬರೆಯುವವರು ಬೇರೆಯವರೂ ಇದ್ದರು. ಮಿಷನರಿಗಳು ಬರೆಯುತ್ತಿದ್ದರು. ಹರೀಶ್ ಲೆಕ್ಕದ ಮನುಷ್ಯ. ಒಂದು ಬಿಘಾದಲ್ಲಿ ನೀಲಿಗೆ ರೈತನ ಖರ್ಚು ಎಷ್ಟು, ಕೈಗೆ ಬರುವುದು ಎಷ್ಟು, ಅದೇ ಬಿಘಾದಲ್ಲಿ ಭತ್ತ ಹಾಕಿದ್ದರೆ ಎಷ್ಟು ಅನ್ನುವ ಪ್ರಶ್ನೆ ಎತ್ತಿದರೆ ಪ್ಲಾಂಟರ್ ಹತ್ತಿರ ಉತ್ತರ ಇರುತ್ತಿರಲಿಲ್ಲ. ಎರಡೂ ಕಡೆಯವರು ಒಪ್ಪಿ ಮಾಡಿಕೊಂಡ ಕರಾರು ಇದು ಅಂತ ಅವರು ವಾದಿಸುತ್ತಿದ್ದರು. ಯಾವ ರೈತನೂ ತನಗೆ ನಷ್ಟ ಆಗುವ ಕರಾರಿಗೆ ವರ್ಷ ವರ್ಷ ಒಪ್ಪಿ ಸಹಿ ಹಾಕುವುದಿಲ್ಲ. ಹಾಕಿದ್ದಾನೆ ಅಂದರೆ ಬಲವಂತ ನಡೆದಿದೆ ಅಂತಲೇ ಅರ್ಥ. ಈ ಒಂದು ವಾದದ ಮುಂದೆ ಕರಾರಿನ ಮಾತು ನಿಲ್ಲಲಿಲ್ಲ. ದಿನವಿಡೀ ಸೈನ್ಯದ ಲೆಕ್ಕಪತ್ರ ತಿದ್ದಿ ಪಳಗಿದ ಬುದ್ಧಿ ಇಲ್ಲಿ ಕೆಲಸ ಮಾಡಿತು. ಅವರ ನೌಕರಿಯನ್ನೂ ಪತ್ರಿಕೆಯನ್ನೂ ಬೇರೆ ಬೇರೆಯಾಗಿ ನೋಡಿದರೆ ಇದು ಕಾಣಿಸುವುದಿಲ್ಲ.

ಮೂರನೆಯದು ಮನೆಯ ಜಗಲಿಯಲ್ಲಿ ನಡೆಯುತ್ತಿದ್ದ ಕೆಲಸ. ಆಫೀಸಿನಿಂದ ಬರುವಷ್ಟರಲ್ಲಿ ರೈತರು ಕಾದು ಕೂತಿರುತ್ತಿದ್ದರು. ಅವರ ಮಾತು ಕೇಳುವುದು, ಕಾಗದ ಓದುವುದು, ಅರ್ಜಿ ಬರೆದುಕೊಡುವುದು, ಯಾವ ಕೋರ್ಟಿಗೆ ಹೋಗಬೇಕು ಅಂತ ಹೇಳುವುದು, ಜಿಲ್ಲೆಯಲ್ಲಿ ಮುಖ್ತಾರನನ್ನು ಗೊತ್ತು ಮಾಡಿಕೊಡುವುದು. ಬಂದವರಿಗೆ ಅಲ್ಲೇ ಊಟ. ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ರಾತ್ರಿ ಕೂತು ಪತ್ರಿಕೆಗೆ ಬರೆಯುವುದು. ಸಂಜೆ ಕೇಳಿದ್ದೇ ರಾತ್ರಿ ಸಂಪಾದಕೀಯ ಆಗುತ್ತಿತ್ತು. ಆ ರೈತರು ಬಂದದ್ದು ಪತ್ರಿಕೆ ಓದಿ ಅಲ್ಲ. ಪಕ್ಕದ ಊರಿನವನಿಗೆ ಭವಾನಿಪುರದಲ್ಲಿ ಅರ್ಜಿ ಬರೆದುಕೊಟ್ಟರಂತೆ, ಕೆಲಸ ಆಯಿತಂತೆ ಅನ್ನುವ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ ಬಂದವರು.

1860ರ ಮಾರ್ಚ್ ಕೊನೆಯಲ್ಲಿ ಸರ್ಕಾರ ಎರಡು ತೀರ್ಮಾನ ಒಟ್ಟಿಗೇ ತೆಗೆದುಕೊಂಡಿತು. ನೀಲಿ ಕೃಷಿಯ ಬಗ್ಗೆ ವಿಚಾರಣಾ ಆಯೋಗ ಮಾಡುತ್ತೇವೆ ಅಂದಿತು. ಜೊತೆಗೆ ಆರು ತಿಂಗಳ ಮಟ್ಟಿಗೆ ಒಂದು ಕಾನೂನು ತಂದಿತು. ಮುಂಗಡ ತೆಗೆದುಕೊಂಡು ನೀಲಿ ಬಿತ್ತದ ರೈತನನ್ನು ಮ್ಯಾಜಿಸ್ಟ್ರೇಟ್ ಚುರುಕಾಗಿ ವಿಚಾರಣೆ ಮುಗಿಸಿ ಜೈಲಿಗೆ ಹಾಕಬಹುದು. ಕರಾರು ಮುರಿಯುವುದು ಸಿವಿಲ್ ವಿಷಯ, ಅದನ್ನು ಅಪರಾಧ ಮಾಡಿಬಿಟ್ಟರು. ನದಿಯಾ, ಜೆಸ್ಸೋರ್ ಜೈಲುಗಳು ರೈತರಿಂದ ತುಂಬಿದವು. ಎಷ್ಟೋ ಜನ ಮುಂಗಡ ತೆಗೆದುಕೊಂಡೇ ಇರಲಿಲ್ಲ, ತೆಗೆದುಕೊಂಡಿದ್ದಾರೆ ಅಂತ ಕಾರ್ಖಾನೆಯ ಖಾತೆ ಹೇಳುತ್ತಿತ್ತು ಅಷ್ಟೇ. ಪೇಟ್ರಿಯಟ್ ಅತಿ ಹೆಚ್ಚು ಕೆಲಸ ಮಾಡಿದ್ದು ಈ ಆರು ತಿಂಗಳಲ್ಲಿ. ಆ ಕಾನೂನಿನ ಕೆಳಗೆ ನಡೆದ ಒಂದೊಂದು ಅನ್ಯಾಯವನ್ನೂ ಕಲ್ಕತ್ತಾದ ಕಣ್ಣಿಗೆ ಬೀಳುವ ಹಾಗೆ ಮಾಡಿತು.

ಆಯೋಗದಲ್ಲಿ ಐದು ಜನ. ಅಧ್ಯಕ್ಷ ಸೀಟನ್ ಕಾರ್, ಇನ್ನೊಬ್ಬ ಸರ್ಕಾರಿ ಅಧಿಕಾರಿ, ಪ್ಲಾಂಟರ್‌ಗಳ ಕಡೆಯವರೊಬ್ಬರು, ಮಿಷನರಿಗಳ ಕಡೆಯವರೊಬ್ಬರು, ಜಮೀನ್ದಾರರ ಸಂಘದ ಕಡೆಯವರೊಬ್ಬರು. ರೈತರ ಕಡೆಯವರು ಯಾರೂ ಇಲ್ಲ. ಆದರೆ 70ಕ್ಕೂ ಹೆಚ್ಚು ರೈತರು ಬಂದು ಸಾಕ್ಷಿ ಹೇಳಿದರು. ಪ್ರಾಣ ಹೋದರೂ ನೀಲಿ ಬಿತ್ತುವುದಿಲ್ಲ ಅನ್ನುವ ಮಾತು ಮತ್ತೆ ಮತ್ತೆ ದಾಖಲಾಯಿತು. ಫರೀದ್‌ಪುರದಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದ ಡೆಲಟೂರ್, ಮನುಷ್ಯರ ರಕ್ತದ ಕಲೆ ಇಲ್ಲದ ಒಂದು ನೀಲಿ ಪೆಟ್ಟಿಗೆಯೂ ಇಂಗ್ಲೆಂಡ್ ಮುಟ್ಟಿಲ್ಲ ಅನ್ನುವ ಮಾತನ್ನು ಒಪ್ಪಿ ಹೇಳಿದ. ಹರೀಶರನ್ನೂ ಕರೆದು ಕೇಳಿದರು. ರೈತರು ನನ್ನ ಮನೆಗೆ ಬರುವುದು ಹೌದು, ಅರ್ಜಿ ಬರೆದುಕೊಡುವುದೂ ಹೌದು, ನಾನು ಹೇಳುವುದು ಕಾನೂನಿನ ದಾರಿ ಹಿಡಿಯಿರಿ ಅಂತ. ಮುಚ್ಚಿಡದೆ ಇಷ್ಟು ಹೇಳಿದರು. ಸರ್ಕಾರಿ ನೌಕರನೊಬ್ಬ ಸರ್ಕಾರಿ ಆಯೋಗದ ಮುಂದೆ ಹೀಗೆ ನಿಲ್ಲಲಿಕ್ಕೆ ಗಟ್ಟಿ ಗುಂಡಿಗೆ ಬೇಕು.

ಆಯೋಗದ ವರದಿ ಆಗಸ್ಟ್‌ನಲ್ಲಿ ಬಂತು. ಈ ಪದ್ಧತಿಯೇ ಬಲವಂತದ ಮೇಲೆ ನಿಂತಿದೆ, ರೈತನಿಗೆ ಇದರಲ್ಲಿ ಲಾಭವಿಲ್ಲ ಅಂತ ಒಪ್ಪಿಕೊಂಡಿತು. ಅದೇ ಆಗಸ್ಟ್‌ನಲ್ಲಿ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಜಾನ್ ಪೀಟರ್ ಗ್ರಾಂಟ್ ಕುಮಾರ್, ಕಾಳಿಗಂಗಾ ನದಿಗಳಲ್ಲಿ ಸ್ಟೀಮರ್‌ನಲ್ಲಿ ಹೋಗುತ್ತಿದ್ದ. ಹೊರಟಿದ್ದು ಬೇರೆ ಕೆಲಸಕ್ಕೆ. ಸುದ್ದಿ ಹೇಗೋ ಹರಡಿತು. ಸುಮಾರು 60, 70 ಮೈಲಿ ಉದ್ದಕ್ಕೂ ಎರಡೂ ದಂಡೆಯಲ್ಲಿ ರೈತರು ನಿಂತಿದ್ದರು. ಹೆಂಗಸರೂ ಬೇರೆ ಗುಂಪಾಗಿ ಬಂದಿದ್ದರು. ಗಲಾಟೆ ಇಲ್ಲ, ಕಲ್ಲು ಇಲ್ಲ, ನ್ಯಾಯ ಕೊಡಿ ಅನ್ನುವ ಕೂಗು ಮಾತ್ರ. ಇಷ್ಟು ಜನ ಹೀಗೆ ಸೇರಿದ್ದಕ್ಕೆ ಅರ್ಥವಿಲ್ಲ ಅಂದುಕೊಂಡರೆ ದೊಡ್ಡ ತಪ್ಪಾಗುತ್ತದೆ ಅಂತ ಗ್ರಾಂಟ್ ತನ್ನ ಟಿಪ್ಪಣಿಯಲ್ಲಿ ಬರೆದ. 1857ರ ದಿಲ್ಲಿಯ ದಿನಗಳಾದ ಮೇಲೆ ಯಾವುದೂ ನನ್ನನ್ನು ಇಷ್ಟು ಕಂಗೆಡಿಸಿರಲಿಲ್ಲ ಅನ್ನುವ ಅರ್ಥದ ಮಾತನ್ನು ಕ್ಯಾನಿಂಗ್ ಹೇಳಿದ. ಅಕ್ಟೋಬರ್‌ನಲ್ಲಿ ಆ ಆರು ತಿಂಗಳ ಕಾನೂನಿನ ಅವಧಿ ಮುಗಿಯಿತು. ಅದನ್ನು ಮತ್ತೆ ತರಲಿಲ್ಲ.

ಬಂಗಾಳದ ಆ ಜಿಲ್ಲೆಗಳಲ್ಲಿ ನೀಲಿ ಮತ್ತೆ ಮೊದಲಿನ ಹಾಗೆ ಏಳಲಿಲ್ಲ. ವ್ಯಾಪಾರ ಬಿಹಾರದ ಕಡೆಗೆ ಜಾರಿತು. ಚಂಪಾರಣ್ ಕಥೆ ಅಲ್ಲಿಂದ ಮುಂದಿನದು.

ಹರೀಶರಿಗೆ ಇದನ್ನೆಲ್ಲ ನೋಡುವ ಆಯುಸ್ಸು ಇರಲಿಲ್ಲ. ಹಗಲು ಆಫೀಸು, ಸಂಜೆ ರೈತರು, ರಾತ್ರಿ ಪತ್ರಿಕೆ. ವರ್ಷಗಟ್ಟಲೆ ಹೀಗೆ ನಡೆದರೆ ದೇಹ ತಡೆಯುತ್ತದಾ? ಆ ಕಾಲದ ಎಷ್ಟೋ ಓದಿದ ಬಂಗಾಳಿಗಳ ಹಾಗೆ ಅವರಿಗೂ ಕುಡಿತ ಹತ್ತಿತ್ತು. ಅವರನ್ನು ಮೆಚ್ಚಿ ಬರೆದವರೂ ಅದನ್ನು ಮುಚ್ಚಿಟ್ಟಿಲ್ಲ. 1861ರ ಜೂನ್‌ನಲ್ಲಿ ತೀರಿಕೊಂಡರು. ವಯಸ್ಸು ನಲವತ್ತೂ ಆಗಿರಲಿಲ್ಲ.

ಸತ್ತ ಮೇಲೂ ಪ್ಲಾಂಟರ್‌ಗಳು ಬಿಡಲಿಲ್ಲ. ನದಿಯಾದ ಆರ್ಚಿಬಾಲ್ಡ್ ಹಿಲ್ಸ್ ಅನ್ನುವ ಪ್ಲಾಂಟರ್ ಒಬ್ಬ ಹಳ್ಳಿಯ ಹೆಣ್ಣುಮಗಳನ್ನು ಎತ್ತಿಕೊಂಡು ಹೋದ ಅಂತ ಪೇಟ್ರಿಯಟ್ ಬರೆದಿತ್ತು. ಹಿಲ್ಸ್ ಮಾನನಷ್ಟದ ದಾವೆ ಹೂಡಿದ್ದ. ಹರೀಶ್ ಸತ್ತ ಮೇಲೆ ಆ ದಾವೆ ಅವರ ಹೆಂಡತಿಯ ತಲೆಗೆ ಬಂತು. ಗಂಡ ಸಂಬಳವನ್ನೆಲ್ಲ ಪತ್ರಿಕೆಗೆ, ರೈತರ ಊಟಕ್ಕೆ ಸುರಿದು ಹೋಗಿದ್ದಾನೆ, ಮನೆಯಲ್ಲಿ ಕೂಡಿಟ್ಟದ್ದು ಏನೂ ಇಲ್ಲ. ಕೊನೆಗೆ ರಾಜಿ ಮಾಡಿಕೊಂಡು ಕೋರ್ಟಿನ ಖರ್ಚು ಅಂತ 1000 ರೂಪಾಯಿ ಕಟ್ಟಬೇಕಾಯಿತು. ಸಂಪಾದಕರ ಕಥೆ ಹೇಳುವಾಗ ಈ ಹೆಂಗಸಿನ ಹೆಸರನ್ನೂ ಯಾರೂ ಹೇಳುವುದಿಲ್ಲ. ಪತ್ರಿಕೆಯ ಬೆಲೆ ತೆತ್ತವರಲ್ಲಿ ಆಕೆಯೂ ಒಬ್ಬಳು.

ಅದೇ ವರ್ಷದ ಜುಲೈನಲ್ಲಿ ಇನ್ನೊಂದು ಕೇಸು. ಪ್ಲಾಂಟರ್‌ಗಳ ದೌರ್ಜನ್ಯದ ಬಗ್ಗೆ ದೀನಬಂಧು ಮಿತ್ರ ಬರೆದ ನೀಲದರ್ಪಣ ನಾಟಕದ ಇಂಗ್ಲಿಷ್ ಅನುವಾದವನ್ನು ಹೊರತಂದದ್ದಕ್ಕೆ ಜೇಮ್ಸ್ ಲಾಂಗ್ ಅನ್ನುವ ಪಾದ್ರಿಗೆ ಒಂದು ತಿಂಗಳ ಜೈಲು, 1000 ರೂಪಾಯಿ ದಂಡ ಆಯಿತು. ದಂಡದ ಹಣವನ್ನು ಅಲ್ಲೇ ಕಟ್ಟಿದವರು ಕಾಳಿಪ್ರಸನ್ನ ಸಿಂಹ. ಮಹಾಭಾರತವನ್ನು ಬಂಗಾಳಿ ಗದ್ಯಕ್ಕೆ ತಂದ ಶ್ರೀಮಂತ ಯುವಕ. ಹರೀಶ್ ಸತ್ತ ಮೇಲೆ 5000 ರೂಪಾಯಿ ಕೊಟ್ಟು ಪೇಟ್ರಿಯಟ್ ಕೊಂಡು ಉಳಿಸಿದವರೂ ಅವರೇ. ಅಕಾಲದಲ್ಲಿ ಹರೀಶ್ ಸತ್ತ, ಲಾಂಗ್ ಸಾಹೇಬ ಜೈಲಿಗೆ ಹೋದ, ಇನ್ನು ರೈತರ ಪ್ರಾಣ ಉಳಿಯುವುದು ಹೇಗೆ ಅಂತ ಹಳ್ಳಿಗಳಲ್ಲಿ ಹಾಡು ಕಟ್ಟಿ ಹಾಡಿದರು. ಇಂಗ್ಲಿಷ್ ಪತ್ರಿಕೆಯ ಸಂಪಾದಕನೊಬ್ಬ ಹಳ್ಳಿಯ ಹಾಡಿಗೆ ಸೇರುವುದು ಸಣ್ಣ ವಿಷಯ ಅಲ್ಲ.

ಪತ್ರಿಕೆಯ ಮುಂದಿನ ಕಥೆ ಬೇರೆಯೇ ಆಯಿತು. ಈಶ್ವರಚಂದ್ರ ವಿದ್ಯಾಸಾಗರರ ಕೈಗೆ ಬಂದು, ಅವರಿಂದ ಕೃಷ್ಟೋ ದಾಸ್ ಪಾಲ್ ಸಂಪಾದಕತ್ವಕ್ಕೆ ಹೋಯಿತು. ಪಾಲ್ ಬಹಳ ಸಮರ್ಥ, 1884ರಲ್ಲಿ ಸಾಯುವವರೆಗೂ ಪತ್ರಿಕೆ ನಡೆಸಿದರು. ಆದರೆ ಆ ಹೊತ್ತಿಗೆ ಪೇಟ್ರಿಯಟ್ ಜಮೀನ್ದಾರರ ಸಂಘವಾದ ಬ್ರಿಟಿಷ್ ಇಂಡಿಯನ್ ಅಸೋಸಿಯೇಷನ್ನಿನ ದನಿಯಾಗಿತ್ತು. ಹರೀಶರೂ ಅದೇ ಸಂಘದ ಸದಸ್ಯರಾಗಿದ್ದವರೇ. ನೀಲಿ ಜಗಳದಲ್ಲಿ ಪ್ಲಾಂಟರ್ ಅಂದರೆ ಜಮೀನ್ದಾರನಿಗೂ ಆಗುತ್ತಿರಲಿಲ್ಲ, ಹಾಗಾಗಿ ರೈತನೂ ಜಮೀನ್ದಾರನೂ ಒಂದೇ ಕಡೆ ನಿಲ್ಲಬಹುದಿತ್ತು. ಗೇಣಿಯ ಪ್ರಶ್ನೆ ಎದ್ದಾಗ ಹಾಗಾಗಲಿಲ್ಲ. ಗೇಣಿದಾರರಿಗೆ ಹಕ್ಕು ಕೊಡುವ ಮಸೂದೆ 1880ರ ದಶಕದಲ್ಲಿ ಬಂದಾಗ ಪಾಲ್ ಅದನ್ನು ವಿರೋಧಿಸಿದರು. 1885ರಲ್ಲಿ ಅದು ಕಾಯ್ದೆಯಾಯಿತು, ಪೇಟ್ರಿಯಟ್ ಬೆಂಬಲ ಇಲ್ಲದೆಯೇ.

ಹಳ್ಳಿ ಸುತ್ತಿ ಸುದ್ದಿ ಬರೆಯುವ ಕೆಲಸವನ್ನು ಮುಂದುವರಿಸಿದವನು ಜೆಸ್ಸೋರಿನ ಆ ಹುಡುಗ. ಶಿಶಿರ್ ಕುಮಾರ್ ಘೋಷ್ 1868ರಲ್ಲಿ ಅಣ್ಣತಮ್ಮಂದಿರ ಜೊತೆ ಸೇರಿ ತಮ್ಮ ಹಳ್ಳಿಯಲ್ಲೇ ಅಮೃತ ಬಜಾರ್ ಪತ್ರಿಕಾ ಶುರು ಮಾಡಿದ. ಮರದ ಪ್ರೆಸ್ಸು, ಬಂಗಾಳಿ ಭಾಷೆ. ಆಮೇಲೆ ಕಲ್ಕತ್ತಾಗೆ ಬಂದ. 1878ರ ಮಾರ್ಚ್‌ನಲ್ಲಿ ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಲು ಸರ್ಕಾರ ಕಾಯ್ದೆ ತಂದಾಗ, ಮುಂದಿನ ಸಂಚಿಕೆಯನ್ನು ಪೂರ್ತಿ ಇಂಗ್ಲಿಷಿನಲ್ಲಿ ಹೊರತಂದ. ಕಾಯ್ದೆ ಇಂಗ್ಲಿಷ್ ಪತ್ರಿಕೆಗಳಿಗೆ ಅನ್ವಯಿಸುತ್ತಿರಲಿಲ್ಲ. ಹಳ್ಳಿಯ ದೂರನ್ನು ಇಂಗ್ಲಿಷಿನಲ್ಲಿ ಸರ್ಕಾರದ ಮುಂದೆ ಹಿಡಿಯುವ ವಿದ್ಯೆಯನ್ನು ಅವನು ಇಪ್ಪತ್ತರ ವಯಸ್ಸಿನಲ್ಲೇ, ಭವಾನಿಪುರಕ್ಕೆ ಪತ್ರ ಬರೆಯುತ್ತಾ ಕಲಿತಿದ್ದ.